ಮಾರುವುದಾ, ಉಳಿಸುವುದಾ: ಒಂದು ಸಫಾರಿ ಕುಟುಂಬದ ಹತ್ತಿರ ಹತ್ತಿರ ನೂರು ವರ್ಷ

ಕಾಡಂಚಿನಲ್ಲಿ ಜಮೀನು ಇರುವ ಮನೆಗಳಲ್ಲಿ ಈ ಮಾತು ಯಾವಾಗಲಾದರೂ ಬಂದೇ ಬರುತ್ತದೆ. ಅಪ್ಪ ಹೋದರು, ಮಕ್ಕಳು ಇನ್ನೂ ಚಿಕ್ಕವರು, ಜಮೀನಿನಿಂದ ಬರುವುದು ಅಷ್ಟಕ್ಕಷ್ಟೆ. ಮಾರಿಬಿಡೋಣವಾ? ಸಕಲೇಶಪುರ, ಗುಂಡ್ಲುಪೇಟೆ, ಎಚ್.ಡಿ. ಕೋಟೆ ಕಡೆಯವರಿಗೆ ಇದು ಹೊಸದಲ್ಲ. ಈಗ ಅದರ ಜೊತೆಗೆ ಇನ್ನೊಂದು ಮಾತೂ ಸೇರಿಕೊಂಡಿದೆ: ರೆಸಾರ್ಟ್ ಮಾಡೋಣವಾ?

ಅದಕ್ಕೇ ಈ ಪ್ರಕರಣ ಬರೆಯಬೇಕು ಅನ್ನಿಸಿತು. ಇದು ನಮ್ಮ ಕಡೆಯದ್ದಲ್ಲ, ದಕ್ಷಿಣ ಆಫ್ರಿಕಾದ್ದು. ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಶ್ಚಿಮ ಅಂಚಿಗೆ ಸಾಬಿ ಸ್ಯಾಂಡ್ ಅಂತ ಸುಮಾರು 65,000 ಹೆಕ್ಟೇರಿನ ಖಾಸಗಿ ಕಾಡಿದೆ. ಒಬ್ಬರದ್ದಲ್ಲ, ಅಕ್ಕಪಕ್ಕದ ಹಲವು ಜಮೀನುದಾರರು ಸೇರಿ ಮಾಡಿಕೊಂಡಿರುವುದು. ಅದರೊಳಗಿನ ಒಂದು ಕುಟುಂಬದ ಕತೆ ಇದು. ಕುಟುಂಬದ ಹೆಸರು, ಲಾಡ್ಜ್‌ನ ಹೆಸರು ಇಲ್ಲಿ ಬರುವುದಿಲ್ಲ. ಊರು, ಇಸವಿ, ಕಾನೂನು ಎಲ್ಲ ನಿಜವಾದವೇ. ಇವತ್ತು ಅಲ್ಲಿ ಒಂದು ರಾತ್ರಿ ತಂಗುವ ಖರ್ಚು ನಮ್ಮಲ್ಲಿ ಎಷ್ಟೋ ಜನರ ತಿಂಗಳ ಸಂಬಳಕ್ಕಿಂತ ಜಾಸ್ತಿ. ಆದರೆ ನನಗೆ ಮುಖ್ಯ ಅನ್ನಿಸಿದ್ದು ಆ ಐಷಾರಾಮವಲ್ಲ. ಒಂದಕ್ಕಿಂತ ಹೆಚ್ಚು ಸಲ ಕೈ ತಪ್ಪಿಹೋಗಬಹುದಾಗಿದ್ದ ಜಾಗ ಹೇಗೆ ಉಳಿಯಿತು ಅನ್ನುವುದು.

ಹಿನ್ನೆಲೆ

1898ರಲ್ಲಿ, ಆಗ ಅಲ್ಲಿನ ಅಧ್ಯಕ್ಷರಾಗಿದ್ದ ಪಾಲ್ ಕ್ರೂಗರ್ ಅವರ ಸರ್ಕಾರ ಸಾಬಿ ಮತ್ತು ಕ್ರೊಕೊಡೈಲ್ ನದಿಗಳ ನಡುವಿನ ಜಾಗವನ್ನು ಬೇಟೆ ನಿಷೇಧದ ಕಾಡು ಅಂತ ಘೋಷಿಸಿತು. 1902ರಲ್ಲಿ ಜೇಮ್ಸ್ ಸ್ಟೀವನ್ಸನ್-ಹ್ಯಾಮಿಲ್ಟನ್ ಅನ್ನುವ ಅಧಿಕಾರಿ ಅದರ ಮೊದಲ ವಾರ್ಡನ್ ಆಗಿ ಬಂದರು. ಬಂದವರು ಮಾಡಿದ ಮೊದಲ ಕೆಲಸಗಳಲ್ಲಿ ಅಲ್ಲಿದ್ದ ಜನರನ್ನು ಹೊರಗೆ ಕಳಿಸುವುದೂ ಒಂದು. ಅಲ್ಲಿನ ತ್ಸೊಂಗಾ ಮಾತಾಡುವ ಜನ ಅವರಿಗೆ 'ಸ್ಕುಕುಜಾ' ಅಂತ ಹೆಸರಿಟ್ಟರು. ಗುಡಿಸಿ ಹಾಕಿದವನು ಅಂತ ಅರ್ಥ. ಇವತ್ತು ಕ್ರೂಗರ್ ಉದ್ಯಾನದ ಮುಖ್ಯ ಕ್ಯಾಂಪಿಗೆ ಅದೇ ಹೆಸರು. ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬೇಕಾಗುತ್ತದೆ.

1926ರಲ್ಲಿ ರಾಷ್ಟ್ರೀಯ ಉದ್ಯಾನದ ಕಾನೂನು ಬಂತು. ಗಡಿ ಗುರುತಿಸುವಾಗ ಪಶ್ಚಿಮದ ಖಾಸಗಿ ಜಮೀನುಗಳನ್ನು ಹೊರಗೆ ಬಿಟ್ಟರು. ಅದೇ ವರ್ಷ ಇಬ್ಬರು ಗೆಳೆಯರು ಅಂಥ ಒಂದು ಜಮೀನು ಕೊಂಡರು. ದನ ಸಾಕಲು ಹೋಗಿ ಸೋತ ಜಾಗ ಅದು. ಕೊಂಡಿದ್ದು ಕೃಷಿಗಲ್ಲ, ಸಿಂಹದ ಬೇಟೆಗೆ. ಆಗ ಸಿಂಹ ಅಂದರೆ ಪೀಡೆ ಅಂತಲೇ ಲೆಕ್ಕ, ಉದ್ಯಾನದ ಸಿಬ್ಬಂದಿಯೇ ಅವನ್ನು ಕೊಲ್ಲುತ್ತಿದ್ದರು. ಚಳಿಗಾಲದಲ್ಲಿ ರೈಲಿನಲ್ಲಿ ಬಂದು ಇಳಿದು, ಅಲ್ಲಿಂದ ನಡೆದು, ಮಣ್ಣಿನ ಗುಡಿಸಲುಗಳಲ್ಲಿ ತಂಗಿ, ಬೇಟೆಯಾಡಿ ವಾಪಸ್ ಹೋಗುವುದು. ನಲವತ್ತು ವರ್ಷ ಹೀಗೇ ನಡೆಯಿತು. ಇಬ್ಬರಲ್ಲಿ ಒಬ್ಬರ ಮನೆಯವರೇ ನಮ್ಮ ಈ ಕುಟುಂಬ.

ಈ ನಲವತ್ತು ವರ್ಷದಲ್ಲಿ ನಮಗೆ ಬೇಕಾದ ಘಟನೆ ಒಂದೇ. 1961ರಲ್ಲಿ ಕಾಲುಬಾಯಿ ಜ್ವರ ಹರಡದಿರಲಿ ಅಂತ ಕ್ರೂಗರ್‌ಗೂ ಈ ಖಾಸಗಿ ಕಾಡಿಗೂ ನಡುವೆ ಬೇಲಿ ಬಂತು. ಆಫ್ರಿಕಾದ ಕಾಡೆಮ್ಮೆಗಳು ಆ ರೋಗವನ್ನು ಹೊತ್ತು ತಿರುಗುತ್ತವೆ, ದನಗಳಿಗೆ ತಗುಲಿದರೆ ಮಾಂಸದ ವ್ಯಾಪಾರವೇ ನಿಲ್ಲುತ್ತದೆ. ಕಾರಣ ಸರಿಯಾಗಿಯೇ ಇತ್ತು. ಆದರೆ ಮಳೆ ಎಲ್ಲಿ ಬಿತ್ತೋ ಅಲ್ಲಿಗೆ ಹೋಗುತ್ತಿದ್ದ ಪ್ರಾಣಿಗಳ ದಾರಿ ಮುಚ್ಚಿಹೋಯಿತು.

ತೊಂದರೆ

1969ರಲ್ಲಿ ಎರಡನೇ ತಲೆಮಾರಿನ ಯಜಮಾನ ತೀರಿಕೊಂಡರು. ಇಬ್ಬರು ಗಂಡುಮಕ್ಕಳು, ಇನ್ನೂ ಹದಿವಯಸ್ಸು. ಹಣಕಾಸಿನ ಸಲಹೆ ಕೊಡುವವರೆಲ್ಲ ಒಂದೇ ಮಾತು ಹೇಳಿದರು, ಆ ಕಾಡು ಜಮೀನು ಮಾರಿ, ಅದರಿಂದ ಆದಾಯ ಇಲ್ಲ ಅಂತ. ಲೆಕ್ಕ ಹಾಕಿದರೆ ಅವರು ಹೇಳಿದ್ದು ಸರಿ. ಬೇಟೆ ಕ್ಯಾಂಪಿನಿಂದ ಬರುವುದೇನೂ ಇರಲಿಲ್ಲ, ಹೋಗುವುದು ಮಾತ್ರ ಇತ್ತು. ಹುಡುಗರು ಮಾರಲು ಒಪ್ಪಲಿಲ್ಲ. ತಾಯಿ ಅವರ ಪರ ನಿಂತರು. ಈ ಪ್ರಕರಣದ ಮೊದಲ ತಿರುವು ಇಲ್ಲೇ ಇದೆ ಅಂತ ನನ್ನ ಅನಿಸಿಕೆ. ಎಲ್ಲರೂ ಮುಂದೆ ನಡೆದ ಸಾಹಸಗಳ ಬಗ್ಗೆ ಹೇಳುತ್ತಾರೆ. ಗಂಡನನ್ನು ಕಳೆದುಕೊಂಡ ಹೆಂಗಸು ಕೈಯಲ್ಲಿದ್ದ ಆಸ್ತಿಯನ್ನು ಮಾರದೆ, ಓದು ಮುಗಿಯದ ಮಕ್ಕಳ ಮಾತಿಗೆ ಬಿಟ್ಟಳಲ್ಲ, ಅದಕ್ಕಿಂತ ದೊಡ್ಡ ಧೈರ್ಯ ನನಗೆ ಮುಂದೆಲ್ಲೂ ಕಾಣಲಿಲ್ಲ.

1973ರಲ್ಲಿ ಅಣ್ಣತಮ್ಮ ಬೇಟೆ ಬಿಟ್ಟು, ಪ್ರಾಣಿ ತೋರಿಸುವ ಸಫಾರಿ ಶುರು ಮಾಡಿದರು. ನಾಲ್ಕಾರು ಗುಡಿಸಲು, ಹಳೆಯ ಲ್ಯಾಂಡ್ ರೋವರ್. ಅತಿಥಿಗಳು ಬಂದರು. ಆದರೆ ತೋರಿಸಲು ಪ್ರಾಣಿಗಳೇ ಸಿಗುತ್ತಿರಲಿಲ್ಲ! ಎಲ್ಲಿ ನೋಡಿದರೂ ಆಳೆತ್ತರದ ಮುಳ್ಳುಪೊದೆ. ಹುಲ್ಲು ತಿನ್ನುವ ಪ್ರಾಣಿಗಳು ಕಡಿಮೆ, ಅವನ್ನು ತಿನ್ನುವವು ಇನ್ನೂ ಕಡಿಮೆ. ಇದ್ದ ಕೆಲವೂ ಗಾಡಿಯ ಸದ್ದು ಕೇಳಿದರೆ ಓಟ. ನಲವತ್ತು ವರ್ಷ ಗುಂಡಿನ ಸದ್ದು ಕೇಳಿದ ಕಾಡಲ್ವಾ ಅದು.

ಮೊದಲು ನೀರು

ಅವರಿಗೆ ದಾರಿ ತೋರಿಸಿದ್ದು ಒಬ್ಬ ಪರಿಸರ ವಿಜ್ಞಾನಿ. ಅವರು ಪ್ರಾಣಿ ಯಾಕಿಲ್ಲ ಅಂತ ಹುಡುಕಲು ಹೋಗಲಿಲ್ಲ. ನೀರು ಎಲ್ಲಿ ಹೋಗುತ್ತಿದೆ ಅಂತ ನೋಡಿದರು. ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ಪ್ರಕರಣದಲ್ಲಿ ನಮ್ಮವರು ನೇರವಾಗಿ ಎತ್ತಿಕೊಳ್ಳಬಹುದಾದ ವಿಷಯ ಇದೇ.

ಆ ಭಾಗದ ಮಳೆ ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಆಸುಪಾಸು. ನಮ್ಮ ಚಿತ್ರದುರ್ಗದ ಕಡೆಯ ಮಳೆ ಅಂತ ಇಟ್ಟುಕೊಳ್ಳಿ. ನೆಲ ಗ್ರಾನೈಟ್ ಕಲ್ಲಿನ ಏರಿಳಿತ. ದಿಬ್ಬದ ಮೇಲೆ ಮರಳು ಮಣ್ಣು, ತಗ್ಗಿನಲ್ಲಿ ಜೇಡಿ ಮಣ್ಣು. ದಿಬ್ಬದಲ್ಲಿ ಬಿದ್ದ ಮಳೆ ಮರಳಿನಲ್ಲಿ ಇಂಗಿ ಮೆಲ್ಲಗೆ ಇಳಿಯುತ್ತದೆ. ಜೇಡಿ ಮಣ್ಣು ಸಿಕ್ಕಿದ ಕಡೆ ತಡೆದು ನಿಂತು ಮೇಲೆ ಜಿನುಗುತ್ತದೆ. ಇಳಿಜಾರಿನ ನಡುವೆ ಹೀಗೆ ಜೌಗಿನ ಪಟ್ಟಿ ಉಂಟಾಗುತ್ತದೆ. ಅಲ್ಲಿ ಮರ ಬರುವುದಿಲ್ಲ, ಒಳ್ಳೆಯ ಹುಲ್ಲು ಬರುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲೂ ಸ್ವಲ್ಪ ಹಸಿರು ಉಳಿಯುವುದು ಅಲ್ಲಿಯೇ.

ಹಿಂದೆ ದನ ಮೇಯಿಸಿದ್ದಾಗ ಹುಲ್ಲು ಬೋಳಾಗಿತ್ತು. ದನ ತುಳಿದ ದಾರಿ, ಆಮೇಲೆ ಗಾಡಿ ದಾರಿ, ಎರಡೂ ಈ ಜೌಗು ಪಟ್ಟಿಗಳನ್ನು ಅಡ್ಡಕ್ಕೆ ಕೊಯ್ದಿದ್ದವು. ಕೊಯ್ದ ಕಡೆ ಮಳೆನೀರು ಹರಿದು ಕೊರಕಲು ಬಿತ್ತು. ಕೊರಕಲು ಬಿದ್ದರೆ ಮುಗಿಯಿತು, ಜಿನುಗುವ ನೀರೆಲ್ಲ ಅದರಲ್ಲಿ ಸೋರಿಹೋಗುತ್ತದೆ. ನೆಲ ಒಣಗಿದ ಕೂಡಲೇ ಜಾಲಿ ಜಾತಿಯ ಮುಳ್ಳುಗಳು ಬಂದು ಕೂತವು. ಹುಲ್ಲಿಲ್ಲದ ಮೇಲೆ ಬೆಂಕಿಯೂ ಹರಡುವುದಿಲ್ಲ, ಹಾಗಾಗಿ ಪೊದೆಯನ್ನು ಹಿಂದಕ್ಕೆ ತಳ್ಳುವುದು ಯಾವುದೂ ಉಳಿಯಲಿಲ್ಲ. ನೋಡಿದವರಿಗೆ ದಟ್ಟ ಕಾಡು. ನಿಜವಾಗಿ ನೋಡಿದರೆ ಅದು ಕಾಯಿಲೆ ಬಿದ್ದ ಹುಲ್ಲುಗಾವಲು.

ಹಾಗಾಗಿ ಅವರು ಮಾಡಿದ್ದು ಸರಳ, ಆದರೆ ನೋಡುವವರ ಕಣ್ಣಿಗೆ ಚುಚ್ಚುವಂಥದ್ದು. ಯಂತ್ರ ಇಳಿಸಿ ಪೊದೆ ಕಿತ್ತರು. ಕಿತ್ತ ಮುಳ್ಳನ್ನು ಸುಡಲಿಲ್ಲ, ಕೊರಕಲುಗಳಿಗೆ ತುಂಬಿದರು. ಬೋಳು ನೆಲದ ಮೇಲೆ ಹರಡಿದರು. ಮಳೆ ಬಂದಾಗ ಮುಳ್ಳು ಮಣ್ಣನ್ನು ಹಿಡಿಯಿತು, ನೀರಿನ ಓಟ ತಗ್ಗಿತು, ಅದರ ಕೆಳಗೆ ಹುಲ್ಲಿನ ಬೀಜ ಮೊಳೆಯಿತು. ಮುಳ್ಳು ಇರುವುದರಿಂದ ಎಳೆ ಹುಲ್ಲಿಗೆ ಬಾಯಿ ಹಾಕಲು ಪ್ರಾಣಿಗೂ ಆಗುವುದಿಲ್ಲ. ಇದು ಒಂದು ವರ್ಷದ ಕೆಲಸವಲ್ಲ, ವರ್ಷಗಟ್ಟಲೆ ನಡೆಯಿತು. ಹುಲ್ಲು ಬಂದ ಮೇಲೆ ಹುಲ್ಲೆ, ಜೀಬ್ರಾ ಬಂದವು. ಅವುಗಳ ಹಿಂದೆ ಸಿಂಹ.

ಕಾಡು ಉಳಿಸುತ್ತೇವೆ ಅನ್ನುವವರು ಯಂತ್ರ ತಂದು ಗಿಡ ಕೀಳುತ್ತಾರೆ ಅಂದರೆ ಬೈಗುಳ ಬಾರದೆ ಇರುತ್ತದಾ? ಬಂಡೀಪುರದಲ್ಲಿ ಲಂಟಾನ ಹಬ್ಬಿ ಹುಲ್ಲು ಸತ್ತಿರುವುದನ್ನು ನೋಡಿದವರಿಗೆ ಈ ಸಂಕಟ ಗೊತ್ತಿರುತ್ತದೆ. ಹಸಿರು ಕಂಡದ್ದೆಲ್ಲ ಆರೋಗ್ಯವಲ್ಲ. ಆದರೆ ಒಂದು ಎಚ್ಚರ: ಕಿತ್ತು ಸುಮ್ನೆ ಬಿಟ್ಟರೆ ಅದೇ ಗಿಡ ಮತ್ತೆ ಬರುತ್ತದೆ. ಇವರು ಗೆದ್ದದ್ದು ಕಿತ್ತಿದ್ದರಿಂದಲ್ಲ, ನೀರಿನ ಸೋರಿಕೆ ಮುಚ್ಚಿದ್ದರಿಂದ. ಇನ್ನೊಂದು ಮಾತನ್ನೂ ಹೇಳಲೇಬೇಕು. ಆಗ ಅವರ ಹತ್ತಿರ ಹಣ ಕಡಿಮೆ ಇತ್ತು. ಆ ಹಣದಲ್ಲಿ ಒಳ್ಳೆಯ ಕೋಣೆ ಕಟ್ಟಬಹುದಿತ್ತು. ಮಾಡಿದ್ದು ನೆಲದ ಕೆಲಸ. ನಮ್ಮಲ್ಲಿ ಹೆಚ್ಚಿನವರು ಈಜುಕೊಳದಿಂದ ಶುರು ಮಾಡುತ್ತಾರೆ.

ಒಂದು ಹೆಣ್ಣು ಚಿರತೆ

1979ರ ಹೊತ್ತಿಗೆ ಒಂದು ಹೆಣ್ಣು ಚಿರತೆ ಗಾಡಿ ಕಂಡರೆ ಓಡದೆ ಇರಲು ಶುರು ಮಾಡಿತು. ಆಗ ಸಫಾರಿಗೆ ಬಂದವರಿಗೆ ಚಿರತೆ ಕಾಣುವುದು ಅಂದರೆ ಅಪರೂಪದಲ್ಲಿ ಅಪರೂಪ. ಮಾಂಸ ಕಟ್ಟಿ ಪ್ರಾಣಿ ಬರಿಸುವ ರೂಢಿ ಆ ಕಡೆ ಇತ್ತು. ಇಲ್ಲಿ ಬೇರೆ ದಾರಿ ಹಿಡಿದರು. ಜಾಡು ಹಿಡಿದು ಹೋಗುವುದು, ದೂರ ನಿಲ್ಲುವುದು, ಅದು ಎದ್ದು ಹೋದರೆ ಹಿಂದೆ ಬೀಳದಿರುವುದು. ದಿನ ದಿನ, ತಿಂಗಳು ತಿಂಗಳು ಹೀಗೇ. ಅದು ಮರಿ ಹಾಕಿತು. ಮರಿಗಳಿಗೆ ಗಾಡಿ ಅಂದರೆ ಹುಟ್ಟಿದಾಗಿನಿಂದ ಇರುವ ವಸ್ತು, ಬಂಡೆಯ ಹಾಗೆ. ಆ ಮರಿಗಳ ಮರಿಗಳು, ಅವುಗಳ ಮರಿಗಳು. ತಲೆಮಾರುಗಳ ಲೆಕ್ಕ ಬರೆದಿಟ್ಟರು. ಕಾಡಿನ ಚಿರತೆಗಳಿಗೆ ವಂಶವೃಕ್ಷ ಇರುವ ಜಾಗ ಜಗತ್ತಿನಲ್ಲಿ ಜಾಸ್ತಿ ಇಲ್ಲ.

ವ್ಯಾಪಾರದ ದೃಷ್ಟಿಯಿಂದ ಈ ಲಾಡ್ಜ್ ಹೆಸರು ಮಾಡಿದ್ದು ಈ ಚಿರತೆಗಳಿಂದಲೇ. ಗಾಡಿಯ ಮುಂದೆ, ಬಾನೆಟ್ಟಿನ ಎಡಗಡೆ ತುದಿಗೆ ಪುಟ್ಟ ಕುರ್ಚಿ ಇರುತ್ತದೆ. ಜಾಡು ಹಿಡಿಯುವವರು ಕೂರುವುದು ಅಲ್ಲಿ. ಹೆಚ್ಚಿನವರು ತ್ಸೊಂಗಾ ಮಾತಾಡುವ ಶಂಗಾನ್ ಸಮುದಾಯದವರು. ಧೂಳಿನಲ್ಲಿ ಅರ್ಧ ಅಳಿಸಿದ ಹೆಜ್ಜೆ ನೋಡಿ ಇದು ಬೆಳಗಿನ ಜಾವದ್ದು, ಗಂಡು, ನೀರಿನ ಕಡೆ ಹೋಗಿದೆ ಅಂತ ಹೇಳಬಲ್ಲವರು. ಬೇಟೆಯ ಕಾಲದಲ್ಲಿ ಸಿಂಹ ಹುಡುಕಿಕೊಟ್ಟಿದ್ದೂ ಇಂಥವರೇ. ಬೇಟೆ ನಿಂತಾಗ ಆ ವಿದ್ಯೆ ಬೇಡವಾಗಿ ಹೋಗಬಹುದಿತ್ತು, ಹೋಗಲಿಲ್ಲ. ಫೋಟೋದಲ್ಲಿ ಚಿರತೆ ಇರುತ್ತದೆ, ಇವರು ಇರುವುದಿಲ್ಲ. ಈ ಪ್ರಕರಣದಲ್ಲಿ ಇವರ ಪಾಲು ಎಷ್ಟು ದೊಡ್ಡದು ಅಂತ ಬರೆಯದೆ ಹೋದರೆ ಅದು ಅನ್ಯಾಯ.

ಒಂದೇ ಪ್ರಾಣಿಯ ಹತ್ತಿರ ಒಟ್ಟಿಗೆ ಇಷ್ಟೇ ಗಾಡಿ ಅಂತ ಮಿತಿ ಹಾಕಿಕೊಂಡರು. ಅಕ್ಕಪಕ್ಕದ ಲಾಡ್ಜ್‌ನವರು ರೇಡಿಯೋದಲ್ಲಿ ಮಾತಾಡಿಕೊಂಡು ಸರದಿ ಕಾಯುತ್ತಾರೆ. ಕೋಣೆ ಕಡಿಮೆ, ದರ ಜಾಸ್ತಿ ಅನ್ನುವ ಲೆಕ್ಕ ಬಂದದ್ದು ಇಲ್ಲಿಂದ. ಮಿತಿ ಇರುವ ಕಡೆ ನೂರು ಕೋಣೆ ಕಟ್ಟಿ ಏನು ಮಾಡುವುದು?

ಕಂಪನಿ, ಬೇಲಿ

1990ರ ಫೆಬ್ರವರಿಯಲ್ಲಿ ನೆಲ್ಸನ್ ಮಂಡೇಲಾ ಬಿಡುಗಡೆಯಾದರು. ವರ್ಣಭೇದದ ಕಾಲದಲ್ಲಿ ಆ ದೇಶಕ್ಕೆ ಬರಲು ಹಿಂಜರಿಯುತ್ತಿದ್ದ ಪ್ರವಾಸಿಗಳು ಇನ್ನು ಬರುತ್ತಾರೆ ಅಂತ ಎಲ್ಲರಿಗೂ ಗೊತ್ತಾಯಿತು. ಆ ಹೊತ್ತಿಗೆ ಕುಟುಂಬ ಹೂಡಿಕೆದಾರರ ಜೊತೆ ಸೇರಿ ದೊಡ್ಡ ಕಂಪನಿ ಮಾಡಿತು. ಇಲ್ಲಿ ಕಲಿತದ್ದನ್ನು ಬೇರೆ ಕಡೆಯೂ ಮಾಡೋಣ, ಹಾಳುಬಿದ್ದ ಜಮೀನುಗಳನ್ನು ಕಾಡು ಮಾಡೋಣ ಅನ್ನುವ ಆಸೆ. ಆಸೆ ಸುಳ್ಳಾಗಲಿಲ್ಲ, ಕಂಪನಿ ಬೆಳೆದು ಬೇರೆ ದೇಶಗಳಿಗೂ ಹೋಯಿತು. ಆದರೆ ಕುಟುಂಬದ ಸ್ವಂತ ಮನೆ ಆ ಕಂಪನಿಯ ಹಲವು ಲಾಡ್ಜ್‌ಗಳಲ್ಲಿ ಒಂದಾಯಿತು. ನಡೆಸುವವರು ಬೇರೆಯವರಾದರು. 2007ರಲ್ಲಿ ಕುಟುಂಬ ಅದನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡಿತು. ಆಗ ಮುಂದಿನ ತಲೆಮಾರಿನ ಮಕ್ಕಳು ಕೆಲಸಕ್ಕೆ ಇಳಿಯುವ ವಯಸ್ಸಿಗೆ ಬಂದಿದ್ದರು.

ಕಂಪನಿ ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಇಂಥ ದಾರಿ ಹಿಡಿಯುವ ನಮ್ಮ ಕಡೆಯ ಮನೆಗಳಿಗೆ ನನ್ನದು ಒಂದೇ ಮಾತು. ನಡೆಸುವ ಹಕ್ಕು ಬೇರೆ, ನೆಲದ ಹಕ್ಕು ಬೇರೆ. ಎರಡನ್ನೂ ಒಂದೇ ಕಾಗದದಲ್ಲಿ ಸೇರಿಸಬೇಡಿ. ವಾಪಸ್ ಬರುವ ದಾರಿಯನ್ನು ಹೋಗುವಾಗಲೇ ಬರೆದಿಟ್ಟುಕೊಳ್ಳಿ, ಎಷ್ಟು ವರ್ಷ, ಯಾವ ಷರತ್ತು, ಯಾರು ಕೇಳಬಹುದು ಅಂತ. ಹದಿನೈದು ವರ್ಷ ಆದ ಮೇಲೆ ಕೇಳಲು ಹೋದರೆ ಒಪ್ಪಂದ ಮಾಡಿದವರು ಎರಡೂ ಕಡೆ ಉಳಿದಿರುವುದಿಲ್ಲ.

ಇದರ ನಡುವೆ 1993ರಲ್ಲಿ ಕ್ರೂಗರ್ ಕಡೆಯ ಬೇಲಿ ತೆಗೆದರು. ಅದರ ಹಿಂದಿನ 1991-92ರಲ್ಲಿ ಆಫ್ರಿಕಾ ಖಂಡದ ದಕ್ಷಿಣ ಭಾಗವೆಲ್ಲ ಕಂಡರಿಯದ ಬರಕ್ಕೆ ಸಿಕ್ಕಿತ್ತು, ಪ್ರಾಣಿ ಓಡಾಡಲು ಜಾಗ ಇರಬೇಕು ಅನ್ನುವುದು ಕಣ್ಣಿಗೇ ಕಂಡಿತ್ತು. ನಮಗೆ ಇದರಲ್ಲಿ ಏನು ವಿಶೇಷ ಅನ್ನಿಸಬಹುದು. ವಿಶೇಷ ಇದೆ. ದಕ್ಷಿಣ ಆಫ್ರಿಕಾದಲ್ಲಿ 1991ರ ಕಾನೂನಿನ ಪ್ರಕಾರ, ಸರಿಯಾಗಿ ಬೇಲಿ ಹಾಕಿದ ಜಮೀನಿನೊಳಗಿನ ಕಾಡುಪ್ರಾಣಿಗಳ ಒಡೆತನ ಜಮೀನುದಾರನದ್ದೇ. ಭಾರತದಲ್ಲಿ 1972ರ ವನ್ಯಜೀವಿ ಕಾನೂನು ಬಂದ ಮೇಲೆ ಹಾಗೆ ಯೋಚಿಸುವುದೂ ಕಷ್ಟ. ನಿಮ್ಮ ತೋಟಕ್ಕೆ ಬಂದ ಆನೆ ನಿಮ್ಮದಲ್ಲ. ಅಲ್ಲಿ ಬೇಲಿ ಅಂದರೆ ಆಸ್ತಿ. ಅದನ್ನು ತೆಗೆಯುವುದು ಅಂದರೆ ನನ್ನ ಪ್ರಾಣಿ ಅನ್ನುವ ಮಾತನ್ನೇ ಬಿಡುವುದು.

ಬೇಲಿ ಹೋದ ಮೇಲೆ ಆನೆಗಳು ಜಾಸ್ತಿಯಾದವು. ಅತಿಥಿಗಳಿಗೆ ಸಂತೋಷ. ಆದರೆ ಆನೆ ಮರಗಳ ತೊಗಟೆ ಸುಲಿಯುತ್ತದೆ, ಉರುಳಿಸುತ್ತದೆ, ಹಾಗಾಗಿ ದೊಡ್ಡ ಮರಗಳ ಚಿಂತೆ ಶುರುವಾಯಿತು. ಮುಂದೆ ಇನ್ನೂ ಕೆಟ್ಟದ್ದು ಕಾದಿತ್ತು. ಇಡೀ ದೇಶದಲ್ಲಿ 2007ರಲ್ಲಿ ಕಳ್ಳಬೇಟೆಗೆ ಬಲಿಯಾದ ಘೇಂಡಾಮೃಗಗಳು 13. 2014ರಲ್ಲಿ 1,215. ಅತಿ ಜಾಸ್ತಿ ಪೆಟ್ಟು ತಿಂದದ್ದು ಕ್ರೂಗರ್. ಪ್ರಾಣಿಗೆ ದಾರಿ ಬಿಟ್ಟರೆ ಬಂದೂಕಿನವನಿಗೂ ದಾರಿ ಬಿಟ್ಟ ಹಾಗೆ. ಕಾವಲಿನ ಖರ್ಚು ಏರುತ್ತಾ ಹೋಯಿತು. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಗಡಿ ಮುಚ್ಚಿದಾಗ ವಿದೇಶಿ ಅತಿಥಿಗಳನ್ನೇ ನಂಬಿದ್ದ ಅಲ್ಲಿನ ಲಾಡ್ಜ್‌ಗಳಿಗೆ ಬರುವ ಹಣ ನಿಂತಿತು, ಕಾವಲಿನ ಖರ್ಚು ನಿಲ್ಲಲಿಲ್ಲ. ಕಡಿಮೆ ಜನ, ಜಾಸ್ತಿ ದರ ಅನ್ನುವ ಲೆಕ್ಕದ ದುರ್ಬಲ ಜಾಗ ಇದು. ಅತಿಥಿಗಳೆಲ್ಲ ವಿಮಾನದಲ್ಲೇ ಬರುವವರಾದರೆ ವಿಮಾನ ನಿಂತ ದಿನ ಎಲ್ಲವೂ ನಿಲ್ಲುತ್ತದೆ.

ಪಶ್ಚಿಮದ ಬೇಲಿ

ಪೂರ್ವದ ಬೇಲಿ ಹೋಯಿತು. ಪಶ್ಚಿಮದ್ದು ಇವತ್ತಿಗೂ ಇದೆ. ಅದರ ಆಚೆ ಜನ.

ವರ್ಣಭೇದದ ಸರ್ಕಾರ ತ್ಸೊಂಗಾ ಜನರಿಗೆ ಅಂತ ಗಜಾಂಕುಲು ಅನ್ನುವ ತುಂಡು ನೆಲ ಮಾಡಿ, 1973ರಲ್ಲಿ ಅದಕ್ಕೆ ಸ್ವಯಂ ಆಡಳಿತ ಅಂತ ಹೆಸರು ಕೊಟ್ಟಿತು. ನಮ್ಮ ಅಣ್ಣತಮ್ಮ ಸಫಾರಿ ಶುರು ಮಾಡಿದ ವರ್ಷವೇ. ಎಲ್ಲೆಲ್ಲಿಂದಲೋ ಎಬ್ಬಿಸಿದ ಜನರನ್ನು ಅಲ್ಲಿ ತಂದು ತುಂಬಿದರು. ನೀರಿನ ಪಾಠ ಹೇಳಿಕೊಟ್ಟ ಆ ವಿಜ್ಞಾನಿ ಇನ್ನೊಂದು ಮಾತನ್ನೂ ಹೇಳಿದ್ದರು. ಬೇಲಿಯಾಚೆಯ ಜನರಿಗೆ ಇದರಲ್ಲಿ ಪಾಲಿಲ್ಲದಿದ್ದರೆ ಈ ಕಾಡು ಉಳಿಯುವುದಿಲ್ಲ ಅಂತ. ಕುಟುಂಬ ಅದನ್ನು ತಕ್ಕಮಟ್ಟಿಗೆ ಕೇಳಿತು. ಕೆಲಸ ಕೊಟ್ಟಿತು, ತರಬೇತಿ ಕೊಟ್ಟಿತು, ಓದಿಗೆ ಸಹಾಯ ಮಾಡಿತು. ಆ ಕಾಲದ ಆ ದೇಶದಲ್ಲಿ ಅದು ಸಣ್ಣದಲ್ಲ. ಆದರೆ ಕೆಲಸ ಬೇರೆ, ಪಾಲು ಬೇರೆ.

1994ರಲ್ಲಿ ಪ್ರಜಾಪ್ರಭುತ್ವ ಬಂತು, ಜೊತೆಗೆ ಜಮೀನು ಕಳೆದುಕೊಂಡವರು ವಾಪಸ್ ಕೇಳುವ ಕಾನೂನೂ ಬಂತು. 1998ರ ಡಿಸೆಂಬರ್ 31ರೊಳಗೆ ಅರ್ಜಿ ಹಾಕಬೇಕಿತ್ತು. ಪಕ್ಕದ ಹೆಸರಾಂತ ರಿಸರ್ವ್, ಅದೂ ಒಂದು ಕುಟುಂಬದ್ದೇ, 2013ರಲ್ಲಿ ಹೀಗೆ ಸ್ಥಳೀಯ ಸಮುದಾಯಕ್ಕೆ ಹೋಯಿತು. ಸರ್ಕಾರ ಕೊಟ್ಟ ಬೆಲೆ ಅಲ್ಲಿನ ಹಣದಲ್ಲಿ ಸುಮಾರು 110 ಕೋಟಿ ರ‍್ಯಾಂಡ್. ಲಾಡ್ಜ್ ಮುಚ್ಚಲಿಲ್ಲ, ನಡೆಯುತ್ತಿದೆ. ಒಡೆತನ ಬದಲಾದರೆ ಕಾಡು ಹಾಳಾಗುತ್ತದೆ ಅನ್ನುವವರು ಇದನ್ನು ನೋಡಬೇಕು.

ನನ್ನನ್ನು ತುಂಬಾ ಕಾಡುವುದು ಆ ಕಾನೂನಿನ ಇನ್ನೊಂದು ತಾರೀಖು. 1913ರ ಜೂನ್ 19. ಕರಿಯರು ಜಮೀನು ಕೊಳ್ಳದ ಹಾಗೆ ಮಾಡಿದ ಕಾನೂನು ಜಾರಿಗೆ ಬಂದ ದಿನ ಅದು. ಅದರ ನಂತರ ಕಳೆದುಕೊಂಡವರು ಮಾತ್ರ ಕೇಳಬಹುದು. ಸ್ಕುಕುಜಾ ನೆನಪಿದೆಯಲ್ಲ? ಅವರು ಜನರನ್ನು ಹೊರಹಾಕಿದ್ದು 1902ರ ನಂತರದ ಮೊದಲ ವರ್ಷಗಳಲ್ಲಿ. 1913ಕ್ಕೆ ಮುಂಚೆ. ಹಾಗೆ ಹೊರಬಿದ್ದವರ ಮೊಮ್ಮಕ್ಕಳಿಗೆ ಅರ್ಜಿ ಹಾಕುವ ಜಾಗವೇ ಇಲ್ಲ. ನಾಗರಹೊಳೆಯಿಂದ ಹೊರಬಂದ ಜೇನುಕುರುಬರ ಮನೆಗಳಲ್ಲಿ ಕೂತು ಮಾತಾಡಿದವರಿಗೆ ತಾರೀಖು ಮತ್ತು ಕಾಗದ ಅಂದರೆ ಏನು ಅಂತ ನಾನು ವಿವರಿಸಬೇಕಿಲ್ಲ. ಅಲ್ಲಿಯೂ ಇಲ್ಲಿಯೂ ಜನ ಕೊನೆಗೆ ತೋರಿಸುವುದು ಹಿರಿಯರನ್ನು ಮಣ್ಣು ಮಾಡಿದ ಜಾಗವನ್ನೇ.

ಇಂಥ ಜಮೀನಿರುವ ಕುಟುಂಬ ಏನು ಮಾಡಬೇಕು ಅಂತ ಕೇಳಿದರೆ, ನಾನು ಶುರು ಮಾಡಿ ಅನ್ನುವುದು ಇಲ್ಲಿಂದ. ಚಿರತೆಗಳ ತಲೆಮಾರು ಬರೆದಿಟ್ಟವರು ನೀವು, ಅದೇ ಶ್ರದ್ಧೆಯಿಂದ ಆ ನೆಲದ ಮೇಲಿನ ಹಳೆಯ ಒಲೆ, ಬೀಸುವ ಕಲ್ಲು, ಗೋರಿ ಎಲ್ಲೆಲ್ಲಿವೆ ಅಂತ ಗುರುತಿಸಿ ಬರೆದಿಡಿ. ಹುಡುಕಲು ಬೇರೆಯವರು ಬೇಕಿಲ್ಲ. ಬಾನೆಟ್ಟಿನ ಕುರ್ಚಿಯ ಮೇಲೆ ಕೂತವರನ್ನೇ ಕರೆದುಕೊಂಡು ಹೋಗಿ.